ಪ್ರಸಾರವಾಗದ ಸಂಚಿಕೆ

ಜನವರಿ 6, ಸೋಮವಾರ. ಸಂಜೆ 7.40

ಟಿವಿಯಲ್ಲಿ ಸಂಚಿಕೆ 112 ಮುಗಿಯಿತು. ಮಾತು ತುಂಡಾದದ್ದು: ವೈಶಾಲಿ 5, ವಿಕ್ರಾಂತ್ 0. ಚಹಾ ಕೊಟ್ಟದ್ದು: ವೈಶಾಲಿ 2. ತಾಟು: 1.

ತಾಟು ಎಂಬ ಕಾಲಂ ಇವತ್ತು ಹೊಸದಾಗಿ ಸೇರಿಸಿದೆ. ಆ ಗಾಜಿನ ಆಫೀಸಿಗೆ ಯಾರೋ ದೊಡ್ಡ ಅತಿಥಿ ಬಂದ. ಶಾಲು, ಹಾರ ಇಟ್ಟ ತಾಟು ಹಿಡಿದು ನಿಂತವಳು ವೈಶಾಲಿ. ಅದನ್ನೆತ್ತಿ ಅತಿಥಿಗೆ ಹಾಕಿದವನು ಧಾರಾವಾಹಿಯ ನಾಯಕ ವಿಕ್ರಾಂತ್. ಅವಳು ಅಲ್ಲಿ ಮ್ಯಾನೇಜರ್ ಅಂತೆ.

ಅವ್ವ ರೊಟ್ಟಿ ಬಡಿಯುತ್ತ ಒಂದು ಕಣ್ಣು ಟಿವಿ ಕಡೆ ಇಟ್ಟಿದ್ದಳು. "ಎಲ್ಲಿ ಮ್ಯಾನೇಜರ ತಗಿಯವಾ. ಚಲೋ ಸೀರಿ ಉಟ್ಟ ಅಡಗಿಯಾಕಿ ಅಕಿ. ನಮ್ಮ ಸಾಲ್ಯಾಗ ನಾವು ಮೂರು ಮಂದಿ ಅದೇವಲ್ಲ, ಹಂಗ."

ಅವ್ವ ಸಾವಿತ್ರವ್ವ ಇಲ್ಲಿ ನಾಲತವಾಡದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಹದಿನಾಲ್ಕು ಪುಟದ ಪ್ರಬಂಧದಲ್ಲಿ ನಾನು ಹೇಳಲು ಹೊರಟಿದ್ದನ್ನು ಒಂದೇ ಉಸಿರಿಗೆ ಹೇಳಿ ರೊಟ್ಟಿ ತಿರುವಿ ಹಾಕಿದಳು. ಹೊಟ್ಟೆಕಿಚ್ಚಾಯಿತು.

ಫೆಬ್ರುವರಿ 15ಕ್ಕೆ ಮುದ್ದೇಬಿಹಾಳದ ನಮ್ಮ ಕಾಲೇಜಿನಲ್ಲೇ ಸೆಮಿನಾರ್. ಇಂಡಿ, ಸಿಂದಗಿಯಿಂದಲೂ ಮಂದಿ ಬರುತ್ತಾರೆ. ನನ್ನ ವಿಷಯ: 'ಹನ್ನೊಂದನೇ ಮಹಡಿ' ಧಾರಾವಾಹಿಯಲ್ಲಿ ದುಡಿಯುವ ಹೆಣ್ಣು. ಇನ್ನೂ ಮೂರು ವಾರ ಎಣಿಸಬೇಕು.

ಜನವರಿ 8, ಬುಧವಾರ

ಬಸ್ಸಿನಲ್ಲಿ ಸೀಟು ಸಿಕ್ಕಿತು. ಇವತ್ತಿನ ದೊಡ್ಡ ಸಂಗತಿ ಅದೇ.

ಸಂಚಿಕೆ 114. ವೈಶಾಲಿ ಮೀಟಿಂಗಿನಲ್ಲಿ ಒಂದು ಐಡಿಯಾ ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಎರಡು ನಿಮಿಷ ಬಿಟ್ಟು ವಿಕ್ರಾಂತ್ ಅದನ್ನೇ ಹೇಳಿದ, ಚಪ್ಪಾಳೆ. ಕ್ಯಾಮೆರಾ ಅವಳ ಮುಖಕ್ಕೆ ಬಂತು. ನಗುತ್ತಿದ್ದಳು! ಹಿಂದೆ ಕೊಳಲು. ಅಂದರೆ ನೋಡುವ ನಾವು ಇದನ್ನು ಪ್ರೀತಿ ಎಂದು ತಿಳಿಯಬೇಕು.

ವಿಕ್ರಾಂತ್ ಕೆಟ್ಟವನಲ್ಲ. ಬೈಯುವುದಿಲ್ಲ, ಕೈ ಮುಟ್ಟುವುದಿಲ್ಲ. ಮಳೆ ಬಂದರೆ ಕೊಡೆ ಹಿಡಿಯುತ್ತಾನೆ. ಕೆಟ್ಟವನಾಗಿದ್ದರೆ ನನ್ನ ಪ್ರಬಂಧ ಸುಲಭವಿತ್ತು. ಇನ್ನೊಂದು — ಅವಳ ಕಣ್ಣೀರು ಎಷ್ಟು ಸಲ ತೋರಿಸಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ. ಅವಳ ಕೆಲಸ ಏನು ಎಂಬುದು ಮಾತ್ರ 114 ಸಂಚಿಕೆ ನೋಡಿದರೂ ನನಗೆ ಗೊತ್ತಾಗಿಲ್ಲ.

ಜನವರಿ 17, ಶುಕ್ರವಾರ

ಮೂರು ಗಂಟೆಗೆ ಸ್ಟಾಫ್ ಮೀಟಿಂಗ್. ಚಹಾ ಕೊಡುವ ಅಟೆಂಡರ್ ಶಕೀಲ ರಜೆ. ಪ್ರಿನ್ಸಿಪಾಲ್ ಪರಮಾನಂದ ಸರ್ ಸುತ್ತ ನೋಡಿದರು. ಹದಿಮೂರು ಗಂಡಸರನ್ನು ದಾಟಿ ಕಣ್ಣು ನಮ್ಮಿಬ್ಬರ ಮೇಲೆ ನಿಂತಿತು. ರಾಜಶ್ರೀ ಮೇಡಂ ಸುಮ್ಮನೆ ಎದ್ದರು. ನಾನೂ ಎದ್ದೆ. ಮೇಡಂ ಕನ್ನಡ ವಿಭಾಗದ ಮುಖ್ಯಸ್ಥೆ, ಇಪ್ಪತ್ತೆರಡು ವರ್ಷದ ಸರ್ವೀಸು. ಚಹಾ ಸೋಸಲು ಅಷ್ಟು ಅನುಭವ ಬೇಕಾಗುತ್ತದೇನೋ.

ಕೂತ ಮೇಲೆ ಕೈ ತಾನಾಗಿಯೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯತೊಡಗಿತು. ಐದು ವಾರದ ಚಟ. ಮೀಟಿಂಗ್ ಮುಗಿದಾಗ ನೋಡಿದೆ, ತಾರೀಖು ಸಮೇತ ಪೂರ್ತಿ ಸಾಲು ತುಂಬಿತ್ತು. 'ಹೆಣ್ಣು 1, ಹೆಣ್ಣು 2. ಮಾತಾಡಿದ್ದು 4 ಸಲ, ತುಂಡಾದದ್ದು 4. ಚಹಾ 2. ಹೆಣ್ಣು 2 ಹೇಳಿದ ಐಡಿಯಾ ಸಹೋದ್ಯೋಗಿ ತಿರುಗಿ ಹೇಳಿದ; ಬಾಸ್: ವೆರಿ ಗುಡ್. ಬಾಸ್: ಲೇಡೀಸ್ ಲಗೂ ಮುಗಸ್ರಿ, ಮನಿಗಿ ಹೋಗಿ ಒಲಿ ಹಚ್ಚಬೇಕಲ್ಲ.'

ಐಡಿಯಾ ನನ್ನದು. ವಿದ್ಯಾರ್ಥಿಗಳನ್ನು ತಂಗಡಗಿಗೆ ಕರೆದುಕೊಂಡು ಹೋಗಿ ಮನೆಮನೆ ಸಮೀಕ್ಷೆ ಮಾಡಿಸುವುದು. ತಿರುಗಿ ಹೇಳಿದವನು ಅಮಿತ. ನನ್ನ ಹಾಗೆಯೇ ಸಮಾಜಶಾಸ್ತ್ರದ ಗೆಸ್ಟ್ ಲೆಕ್ಚರರ್, ನನಗಿಂತ ಮೂರು ವರ್ಷ ಈಚೆ ಬಂದವನು. ದಿನಾ ಒಂದೇ ಡಬ್ಬಿ ಹಂಚಿಕೊಂಡು ತಿನ್ನುತ್ತೇವೆ. ಕದ್ದೆನೆಂದು ಅವನಿಗೆ ಗೊತ್ತೇ ಇಲ್ಲ.

ಕೊನೆಗೆ ಸರ್ ಹೇಳಿದರು — ಜೂನ್‌ನಿಂದ ಸಮಾಜಶಾಸ್ತ್ರಕ್ಕೆ ವಾರಕ್ಕೆ ಹದಿನಾರೇ ತಾಸು ಪಾಠ. ಒಬ್ಬರಿಗೆ ಮಾತ್ರ ಸಾಕಾಗುತ್ತದೆ. ಯಾರು ಎಂಬುದು ಸೆಮಿನಾರ್ ಮುಗಿದ ಮೇಲೆ.

ಸಂಜೆ ಸೀರಿಯಲ್ ನೋಡಿದೆ. ಏನೂ ತಲೆಗೆ ಹೋಗಲಿಲ್ಲ.

ಜನವರಿ 26, ಭಾನುವಾರ

ಧ್ವಜಾರೋಹಣ. ತಾಟು ಹಿಡಿದವಳು: ನಾನು.

ಆಮೇಲೆ ಸರ್ ತಾವಾಗಿಯೇ ಮಾತಿಗೆ ಬಂದರು. ಪ್ರೀತಿಯಿಂದಲೇ. "ನೀವು ಭಾಳ ಶಾಣ್ಯಾರದೀರಿ ಪ್ರಜ್ಞಾ ಮೇಡಂ, ನನಗ ಗೊತ್ತೈತಿ. ಆದ್ರ ಅಮಿತಗ ಮನಿ ನಡಸೂದೈತಿ ನೋಡ್ರಿ. ನಿಮಗೇನ್ರಿ, ಇವತ್ತಿಲ್ಲ ನಾಳಿ ಲಗ್ನಾ ಆಗಿ ಹೋಗ್ತೀರಿ."

"ನಮ್ಮ ಮನೀನೂ ನಾನ ನಡಸ್ತೇನ್ರಿ ಸರ್. ಅಪ್ಪ ಹೋಗಿ ಒಂಬತ್ತ ವರ್ಷ—"

"ಅದ ಖರೇರಿ, ಅದ ಖರೇ" ಎಂದು ಬೆನ್ನು ತಿರುಗಿಸಿದರು. ಅತಿಥಿಗಳಿಗೆ ಉಪ್ಪಿಟ್ಟು ಬಂದಿತ್ತು.

ಸಿಟ್ಟು ಬಂದಿದೆ. ಇಲ್ಲಿಯಾದರೂ ಬರೆಯುತ್ತೇನೆ: ಭಯಂಕರ ಸಿಟ್ಟು ಬಂದಿದೆ. ಅವ್ವನ ಮುಂದೆ ಹೇಳಿಲ್ಲ.

ಫೆಬ್ರುವರಿ 3, ಸೋಮವಾರ

ನೋಟ್‌ಬುಕ್ಕನ್ನು ಹಾಗೇ ಡಿಟಿಪಿ ಅಂಗಡಿಯ ಕೋಮಲಳ ಕೈಗೆ ಕೊಟ್ಟೆ. ಎಲ್ಲ ಸಾಲುಗಳನ್ನೂ ಒಂದು ಟೇಬಲ್ ಮಾಡು ಎಂದೆ. ಬಾಗೇವಾಡಿಯಲ್ಲಿ ಪರೀಕ್ಷಾ ಡ್ಯೂಟಿ, ಬಸ್ಸಿಗೆ ಅವಸರ. ಕೋಮಲ ಸಂಜೆಯೇ ಮಾಡಿ, ಪ್ರಬಂಧಕ್ಕೆ ಸೇರಿಸಿ, ನಾನು ಹೇಳಿದಂತೆ ಪ್ರಿನ್ಸಿಪಾಲರಿಗೂ ಮೇಲ್ ಕಳಿಸಿದ್ದಾಳೆ. ಚುರುಕಿನ ಹುಡುಗಿ.

ಫೆಬ್ರುವರಿ 7, ಶುಕ್ರವಾರ

ಚುರುಕು ಹೆಚ್ಚಾಯಿತು.

ಸರ್ ಕರೆಸಿದರು. ಮುಂದೆ ನನ್ನ ಪ್ರಬಂಧದ ಪ್ರಿಂಟ್. ಟೇಬಲ್ಲಿನ ಒಂದು ಸಾಲಿನ ಮೇಲೆ ಬೆರಳು. "ಈ ಜನವರಿ ಹದಿನೇಳರ ಸಂಚಿಕಿ ಐತಲ್ರಿ…"

ಮೀಟಿಂಗಿನ ಸಾಲು! ಅದೇ ಕಾಲಂ, ಅದೇ ಅಕ್ಷರ. ಕೋಮಲ ಅದನ್ನೂ ಒಂದು ಸಂಚಿಕೆ ಎಂದು ತಿಳಿದು ಸೇರಿಸಿಬಿಟ್ಟಿದ್ದಾಳೆ. ನಾನು ತಿರುಗಿ ಓದಿ ನೋಡಿರಲಿಲ್ಲ. ತಪ್ಪು ನನ್ನದೇ.

ಬಾಯಿ ತೆರೆಯುವಷ್ಟರಲ್ಲಿ ಸರ್ ಹೇಳಿದರು: "ಎಂಥಾ ಬಾಸ್ ರೀ ಇಂವ! ಒಲಿ ಹಚ್ಚಬೇಕಲ್ಲ ಅಂತಾನ! ಹೆಣ್ಮಕ್ಕಳ ಮಾತ ಮುಗಸಾಕ ಬಿಡೂದಿಲ್ಲ, ಮ್ಯಾಲ ಚಹಾ ಮಾಡಸ್ತಾನ. ಇಂಥಾವ್ರನ್ನ ಕೆಲಸದಿಂದ ತಗದ ಒಗೀಬೇಕ್ರಿ."

ಮುಖ ನೋಡಿದೆ. ನಾಟಕವಲ್ಲ. ನಿಜವಾಗಿಯೂ ಸಿಟ್ಟಾಗಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಮಗಳು ಪುಣೆದಾಗ ಕೆಲಸಕ್ಕದಾಳ. ಫೋನಿನ್ಯಾಗ ಏನೂ ಹೇಳೂದಿಲ್ಲ. ಇದನ್ನ ಓದಿದ ಮ್ಯಾಲ ಅಕಿ ಆಫೀಸಿನ್ಯಾಗೂ ಹಿಂಗ ಇರ್ತೈತೇನೋ ಅಂತ ಅನಸ್ತು." ಪ್ರಿಂಟನ್ನು ನನ್ನ ಕಡೆ ಸರಿಸಿದರು. "ಈ ಸಾಲನ್ನ ಸ್ಟೇಜ್ ಮ್ಯಾಲ ಬಿಡಿಸಿ ಹೇಳ್ರಿ. ಮತ್ತ… ಆ ಹದಿನಾರ ತಾಸು ನಿಮಗ ಅಂತ ತಿಳ್ಕೋರಿ."

ಹೊರಗೆ ಬಂದೆ. ನಗು ಬಂತು.

ಫೆಬ್ರುವರಿ 8, ಶನಿವಾರ

ರಾಜಶ್ರೀ ಮೇಡಂಗೆ ಮಾತ್ರ ಹೇಳಿದೆ. ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಗಂಭೀರವಾದರು.

"ಸುಮ್ಮ ಆ ಸಾಲ ತಗದುಬಿಡ್ರಿ. ಏನರೆ ನೆವ ಹೇಳ್ರಿ. ನೌಕರಿ ಉಳೀತೈತಿ."

"ಅದ ಸುಳ್ಳಲ್ಲಲ್ರಿ ಮೇಡಂ."

"ಸುಳ್ಳ ಅಂದೇನೇನ ನಾ? ಹೆಣ್ಣು ಒಂದು ನಾನ ಅಲ್ಲೇನು?" ಎಂದು ಪೇಪರ್ ತಿದ್ದುವುದನ್ನು ಮುಂದುವರಿಸಿದರು.

ತೆಗೆದರೆ ಪ್ರಬಂಧದ ಒಳ್ಳೆಯ ಸಾಲೇ ಹೋಗುತ್ತದೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದೆ ಓದಿದರೆ ಕೆಲಸ ಉಳಿಯುತ್ತದೆ — ಸರ್ ತಮ್ಮನ್ನೇ ಬೈದುಕೊಂಡು ನನಗೆ ಕೊಟ್ಟ ಕೆಲಸ! ವಿಕ್ರಾಂತನ ಮಾತಿಗೆ ವೈಶಾಲಿ ನಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಫೆಬ್ರುವರಿ 14, ಶುಕ್ರವಾರ

ಐದು ದಿನ ಏನೂ ಬರೆಯಲಿಲ್ಲ. ಬರೆದರೆ ತೀರ್ಮಾನ ಮಾಡಬೇಕಾಗುತ್ತದೆ.

ಮಾಡಿದೆ. ತೆಗೆಯುವುದಿಲ್ಲ, ಹೇಳುವುದೂ ಇಲ್ಲ. ಹಾಗೇ ಓದುತ್ತೇನೆ. ಹೇಡಿತನವೇ ಸರಿ. ಜೂನ್ ಬಂದ ಮೇಲೆ ಧೈರ್ಯವಂತಳಾಗುತ್ತೇನೆ.

ಫೆಬ್ರುವರಿ 15, ಶನಿವಾರ. ಸಂಜೆ 5.30, ಬಸ್ಸಿನಲ್ಲಿ

ಬಸ್ಸಿನ ಕುಲುಕಾಟಕ್ಕೆ ಅಕ್ಷರ ಕೆಟ್ಟರೂ ಈಗಲೇ ಬರೆಯಬೇಕು.

ಓದಿದೆ. ಆ ಸಾಲಿಗೆ ಸಭೆ 'ಛೇ' ಎಂದಿತು. ವೇದಿಕೆಯ ಮೇಲೆ ಸರ್ ತಲೆಯಾಡಿಸಿದರು. ಸಿಂದಗಿಯಿಂದ ಬಂದಿದ್ದ ಅತಿಥಿ ಗುರುತು ಹಾಕಿಕೊಂಡರು. ಮುಗಿಯುತ್ತ ಬಂದಿತ್ತು. ಪ್ರಶ್ನೆಗಳಿವೆಯೇ ಎಂದಾಗ ಬಿಎ ಎರಡನೇ ವರ್ಷದ ಗುಲನಾಜ ಎದ್ದಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ.

"ಮೇಡಂ, ನಾ ಆ ಸೀರಿಯಲ್ ಒಂದ ಸಂಚಿಕೀನೂ ಬಿಟ್ಟಿಲ್ರಿ. ಜನವರಿ ಹದಿನೇಳಕ್ಕ ವೈಶಾಲಿ ದವಾಖಾನ್ಯಾಗ ಇದ್ಲು. ಮೀಟಿಂಗ್ ಇರ್ಲೇ ಇಲ್ರಿ. ನೀವು ಹೇಳಿದ್ದು ಎಲ್ಲಿ ಬಂದೈತ್ರಿ?"

ಏನಾದರೂ ಹೇಳಬಹುದಿತ್ತು. ತಾರೀಖು ತಪ್ಪಾಗಿದೆ ಎಂದರೆ ಆಗಿಬಿಡುತ್ತಿತ್ತು. ಆ ಹುಡುಗಿ ನಂಬುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು. ನಂಬುತ್ತಾಳೆಂದೇ ಆಗಲಿಲ್ಲ.

"ಟಿವಿಯೊಳಗ ಬಂದಿಲ್ಲ. ಅದು ನಮ್ಮ ಸ್ಟಾಫ್ ರೂಮಿಂದು" ಎಂದೆ. "ಮೂರು ಗಂಟೇದ್ದು."

ಅಮಿತ ತಲೆ ತಗ್ಗಿಸಿದ. ಸರ್ ಮೈಕ್ ಇಲ್ಲದೆಯೇ ಕೇಳಿದರು: "ಬಾಸ್ ಅಂದ್ರ… ನಾನೇನ್ರಿ?"

"ಹೌದ್ರಿ ಸರ್. ಆ ಸಾಲು ತಪ್ಪಿ ಬಂತು, ನಿಮಗ ಮೊದಲ ಹೇಳಬೇಕಿತ್ತು. ಆದ್ರ ಅದರಾಗ ಬರದದ್ದು—"

"ಮೇಡಂ, ಅದು ಹಂಗಲ್ರಿ, ನಾ ಏನ್—"

"ಒಂದು" ಎಂದಿತು ಹಿಂದಿನ ಬೆಂಚಿನಿಂದ ಯಾವುದೋ ಹುಡುಗಿಯ ದನಿ. ತುಂಡಾದ ಮಾತನ್ನು ಎಣಿಸುತ್ತಿದ್ದಳು!

ಯಾರೋ ನಕ್ಕರು. ಸರ್ ನಗಲಿಲ್ಲ. ಬಾಯಿ ಮುಚ್ಚಿಕೊಂಡರು. ಆಮೇಲೆ "ಮುಗಸ್ರಿ ಮೇಡಂ" ಎಂದರು. ಮುಗಿಸಿದೆ.

(ಇದು ಮನೆಗೆ ಬಂದ ಮೇಲೆ ಬರೆದದ್ದು.) ಅವ್ವನಿಗೆ ಎಲ್ಲ ಹೇಳಿದ ಮೇಲೆ: "ಹೊಟ್ಟಿಗೆ ಏನರೆ ತಿಂದಿಯೇನ?" ಎಂದಳು. ಅಷ್ಟೇ. ಆಮೇಲೆ ಸೀರಿಯಲ್ ಹಚ್ಚಲಿಲ್ಲ, ನನ್ನ ಪಕ್ಕ ಕೂತಳು.

ಫೆಬ್ರುವರಿ 17, ಸೋಮವಾರ. ಬೆಳಿಗ್ಗೆ 10.20

ಪ್ರಿನ್ಸಿಪಾಲರ ಕೋಣೆ. ಅವರೆದುರೇ ಕೂತು ಬರೆಯುತ್ತಿದ್ದೇನೆ. ಕಾಲಂ ಹಾಕಿದ ನೋಟ್‌ಬುಕ್ ಮನೆಯಲ್ಲಿದೆ. ಚೀಲದಲ್ಲಿದ್ದದ್ದು ಈ ಡೈರಿ.

ಸರ್ ಬೈಯಲಿಲ್ಲ. ಕೂಡ್ರಿ ಎಂದರು. "ಪ್ರಬಂಧ ಭಾಳ ಚಲೋ ಆತು, ಎಲ್ಲಾರೂ ಅಂದ್ರು" ಎಂದರು. ಆಮೇಲೆ ಕಿಟಕಿ ನೋಡುತ್ತ, ಹದಿನಾರು ತಾಸು ಅಮಿತನಿಗೆ ಎಂದರು. ಕಾರಣ ಕೇಳಿದೆ. ಇದು ಸೆಮಿನಾರಿಗೆ ಸಂಬಂಧವಿಲ್ಲ, ಅವನಿಗೆ ಸಂಸಾರವಿದೆ ಎಂದರು. ಆರು ವರ್ಷದ ಸರ್ವೀಸು ನಂದು, ಮೂರು ಅವನದು ಎನ್ನಹೊರಟೆ, ಅರ್ಧದಲ್ಲಿ ತಡೆದರು. ಅಳು ಬರಬೇಕಿತ್ತು. ಬರಲಿಲ್ಲ. ಡೈರಿ ತೆಗೆದೆ. ತಾರೀಖು ಹಾಕಿದೆ, ಸಮಯ ಹಾಕಿದೆ.

ಬಾಸ್: ಅವನಿಗೆ ಸಂಸಾರವಿದೆ. ಮಾತು ತುಂಡು: 1.

"ಏನ್ ಬರಿಯಾಕತ್ತೀರಿ ಮೇಡಂ?"

"ಸಂಚಿಕಿ ರೀ ಸರ್."

ಈಗ ಕನ್ನಡಕ ತೆಗೆದಿದ್ದಾರೆ. ಮುಂದಿರುವ ಗೆಸ್ಟ್ ಲೆಕ್ಚರರ್‌ಗಳ ಪಟ್ಟಿಯ ಮೇಲೆ ಪೆನ್ನು ಇನ್ನೂ ಊರಿಲ್ಲ. "ಅದನ್ನ ಬರೀಬ್ಯಾಡ್ರಿ" ಎನ್ನುತ್ತಿದ್ದಾರೆ. ತುಂಡು: 2. "ತಡೀರಿ, ಇನ್ನೂ ಸಹಿ ಮಾಡಿಲ್ಲ ನಾ. ಮೊದಲ ನೀವು ಹೇಳಾಕತ್ತಿದ್ದನ್ನ ಹೇಳ್ರಿ" ಎನ್ನುತ್ತಿದ್ದಾರೆ. ಪೆನ್ನು ಕೆಳಗಿಟ್ಟು ಹೇಳುತ್ತೇನೆ.