ಮಾನಪ್ಪ ಕ್ರೇನಿನಿಂದ ಬೀಳಲಿಲ್ಲ

ವಿದೇಶ ವ್ಯವಹಾರದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಾಲತವಾಡದ ಮಾನಪ್ಪ ಕ್ರೇನಿನಿಂದ ಬಿದ್ದು ಸತ್ತನೆಂದು ನಿಮ್ಮ ಕಚೇರಿ ಪ್ರಕಟಣೆ ಕೊಟ್ಟಿದೆ. ಅದು ಸುಳ್ಳು. ಅವನನ್ನು ನೆಲಕ್ಕೆ ಕೆಡವಿ, ಬಂದೂಕಿನ ಹಿಂಬದಿಯಿಂದ ತಲೆ ಜಜ್ಜಿ ಕೊಂದರು. ಕೊಂದವರು ಬಂದರು ಕಂಪನಿಯ ಕಾವಲುಗಾರರು. ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ದೂತಾವಾಸಕ್ಕೂ ಇದನ್ನೇ ಹೇಳಿದೆ. ಆಮೇಲೂ ನೀವು ಕ್ರೇನಿನ ಕಥೆಯನ್ನು ಬಿಡಲಿಲ್ಲವಾದ್ದರಿಂದ ಊರಿಗೆಲ್ಲ ಕೇಳುವಂತೆ ಹೇಳಬೇಕಾಗಿದೆ.

ನಾನು ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದವನು, ವೆಲ್ಡಿಂಗ್ ಕೆಲಸದವನು. ಮಾನಪ್ಪ ಕ್ರೇನ್ ನಡೆಸುತ್ತಿದ್ದ. ಆಫ್ರಿಕಾದ ಕರಾವಳಿಯ ಒಂದು ದೇಶದಲ್ಲಿ ಬಂದರು ಕಟ್ಟುವ ಕೆಲಸಕ್ಕೆ ಒಂದೇ ವಿಮಾನದಲ್ಲಿ ಹೋದವರು ನಾವು. ಅಲ್ಲಿನ ಊಟ ನನಗೆ ಸೇರದಿದ್ದಾಗ ಅವನು ತನ್ನ ಶೇಂಗಾ ಹಿಂಡಿ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಮುಂದಿಟ್ಟ. ನನ್ನ ಜಾತಿ ಗೊತ್ತಾದ ಮೇಲೂ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆ ಬಂದರು ನಮ್ಮ ದೇಶದ ಒಂದು ಕಂಪನಿಗೆ ಹೇಗೆ ಸಿಕ್ಕಿತೆಂದು ನಿಮಗೆ ನಾನು ತಿಳಿಸಬೇಕೆ? ನಾವು ಆ ದೇಶಕ್ಕೆ ಸಾಲ ಕೊಟ್ಟೆವು. ಸಾಲ ಬೇಕಾದರೆ ಬಂದರಿನ ಗುತ್ತಿಗೆ ಈ ಕಂಪನಿಗೇ ಹೋಗಬೇಕೆಂದು ಷರತ್ತು ಹಾಕಿದೆವು. ಮಾತುಕತೆಗೆ ಹೋದ ಸರ್ಕಾರಿ ನಿಯೋಗದಲ್ಲಿ ಕಂಪನಿಯ ಮಾಲೀಕರು ಮುಂದಿನ ಸಾಲಿನಲ್ಲಿ ಕುಳಿತಿದ್ದರು, ನಿಮ್ಮಂಥವರು ಹಿಂದಿನ ಸಾಲಿನಲ್ಲಿ. ಚುನಾವಣೆ ಬಂದರೆ ಆಳುವವರನ್ನೂ ಎದುರಿನವರನ್ನೂ ಸಾಕುವವರು ಆ ಮಾಲೀಕರೇ. ಬೆಳಿಗ್ಗೆ ಮನೆಗೆ ಬರುವ ಪೇಪರು ಅವರದು, ಸಂಜೆ ನಮಗೆ ದೇಶಭಕ್ತಿ ಬೋಧಿಸುವ ಟಿವಿಯೂ ಅವರದು. ಇಷ್ಟಾದ ಮೇಲೆ ದೇಶದ ಹಿತ ಯಾವುದು, ಕಂಪನಿಯ ಹಿತ ಯಾವುದು ಎಂದು ಬೇರೆ ಮಾಡಿ ನೋಡುವ ಕಷ್ಟವನ್ನು ನೀವಾದರೂ ಏಕೆ ತೆಗೆದುಕೊಳ್ಳುತ್ತೀರಿ?

ಬಂದರಿಗಾಗಿ ಮೀನುಗಾರರ ದಂಡೆಗೆ ಬೇಲಿ ಬಿತ್ತು. ದೋಣಿ ಇಳಿಸಲು ಜಾಗವಿಲ್ಲದೆ ಅವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಗೇಟಿನ ಮುಂದೆ ಕುಳಿತರು. ಒಂದು ಮಧ್ಯಾಹ್ನ ಕಾವಲುಗಾರರು ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಿದರು. ಮುಂದೆ ಇದ್ದ ಮುದುಕನೊಬ್ಬ ಗುಂಡು ತಗುಲಿ ಕುಳಿತಲ್ಲೇ ಕುಸಿದ. ಒಬ್ಬ ಹೆಂಗಸಿನ ತೊಡೆ ಸೀಳಿಹೋಯಿತು, ಅವಳು ತೆವಳುತ್ತ ಬಂದು ಬೇಲಿಯ ತಂತಿ ಹಿಡಿದಳು. ಕ್ರೇನಿನಲ್ಲಿದ್ದ ಮಾನಪ್ಪ ಏಣಿಯಿಂದ ಇಳಿದು ಓಡಿ ಬಂದ. ನಾನು ಅವನ ಅಂಗಿ ಹಿಡಿದು ಜಗ್ಗಿದೆ.

"ಹೋಗಬ್ಯಾಡೋ, ನಮ್ಮನ್ನೂ ಹೊಡಿತಾರ."

"ರಕ್ತ ಹರಿಯಾಕತ್ತೈತಿ ಅನಿಲ. ನೋಡ್ಕೋತ ನಿಂದ್ರಾಕ ಆಗೂದಿಲ್ಲ, ಬಿಡು."

ಅವನು ಸಣ್ಣ ಗೇಟಿನ ಚಿಲಕ ತೆಗೆದು ಅವಳನ್ನು ಒಳಗೆ ಎಳೆದುಕೊಂಡ. ಹೆಗಲ ಮೇಲಿನ ಟವೆಲಿನಿಂದ ಅವಳ ತೊಡೆ ಬಿಗಿಯುತ್ತಿದ್ದಾಗ ಮೊದಲ ಪೆಟ್ಟು ಬಿತ್ತು. ಮೂವರು ಕಾವಲುಗಾರರು ಅವನ ಮೇಲೆ ಬಿದ್ದಿದ್ದರು. ತಾನೂ ಇಲ್ಲಿ ಕೆಲಸ ಮಾಡುವವನೇ ಎಂದು ಹಿಂದಿಯಲ್ಲಿ ಕೂಗಿದ. ಆಮೇಲೆ ಕನ್ನಡದಲ್ಲಿ ಏನೋ ಅಂದ. ಅಷ್ಟರಲ್ಲಿ ದವಡೆ ಮುರಿದಿತ್ತು, ಆ ಮಾತು ನನಗೆ ತಿಳಿಯಲಿಲ್ಲ. ಬಿಡಿಸಲು ಹೋದ ನನ್ನ ಎಡಗಣ್ಣಿಗೆ ಬೂಟುಗಾಲಿನಿಂದ ಒದ್ದರು. ಇನ್ನೊಂದು ಕಣ್ಣು ನೆಟ್ಟಗಿತ್ತು. ಮಾನಪ್ಪ ಅಲುಗಾಡುವುದು ನಿಂತ ಮೇಲೂ ಅವರು ಹೊಡೆಯುವುದನ್ನು ನಿಲ್ಲಿಸಲಿಲ್ಲ.

ದೂತಾವಾಸದ ಸಾಹೇಬರು ಕಂಪನಿಯ ಮ್ಯಾನೇಜರನ ಜೊತೆಗೇ ಆಸ್ಪತ್ರೆಗೆ ಬಂದರು. ನನ್ನ ಮಾತು ಮುಗಿಯುವ ಮೊದಲೇ, "ಇದು ಎರಡು ದೇಶಗಳ ಸ್ನೇಹದ ವಿಷಯ. ನಿಮ್ಮ ಕಣ್ಣಿಗೆ ಪೆಟ್ಟಾಗಿದೆ, ಸರಿಯಾಗಿ ಕಂಡಿರಲಿಕ್ಕಿಲ್ಲ" ಎಂದರು. ಮಾನ್ಯರೇ, ಆ ಸ್ನೇಹ ಯಾರ ಯಾರ ನಡುವಿನದು? ಒಬ್ಬರ ಭಾಷೆ ಒಬ್ಬರಿಗೆ ಬರದ ಆ ಹೆಂಗಸಿನ ಮತ್ತು ಮಾನಪ್ಪನ ನಡುವೆ ಗೇಟಿನಲ್ಲಿ ನಡೆದದ್ದನ್ನು ನಿಮ್ಮ ಇಲಾಖೆ ಏನೆಂದು ಕರೆಯುತ್ತದೆ?

ಶವದ ಪೆಟ್ಟಿಗೆಯೊಂದಿಗೆ ನನ್ನನ್ನೂ ಊರಿಗೆ ಕಳಿಸಿದರು. ಇದೇ ಕಂಪನಿ ನಮ್ಮ ಕಡೆಯೂ ಗಾಳಿಯಂತ್ರಗಳಿಗೆ ಜಮೀನು ಹಿಡಿದಿದೆ. ಅದರ ಇಲ್ಲಿನ ಗುತ್ತಿಗೆದಾರ ನಾಲತವಾಡದಲ್ಲಿ ಬಡಿಗೆ ಹಿಡಿದ ಜನರೊಂದಿಗೆ ಮೊದಲೇ ಬಂದು ನಿಂತಿದ್ದ. ಮಾನಪ್ಪನ ಹೆಂಡತಿ ಚಂದವ್ವ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಮುಚ್ಚಳ ತಗೀರಿ" ಎಂದಳು.

"ಬ್ಯಾಡ ತಂಗಿ, ಅಪಘಾತದಾಗ ಮುಖ ಕೆಟ್ಟೈತಿ. ನಿನಗ ತಡಕೊಳ್ಳಾಕ ಆಗೂದಿಲ್ಲ," ಎಂದ ಗುತ್ತಿಗೆದಾರ.

"ನನ್ನ ಗಂಡನ ಮುಖ ನಾ ನೋಡಬಾರದಂತ ಹೇಳಾಕ ನೀವ್ಯಾರ್ರಿ?"

ಅವಳು ಮನೆಯಿಂದ ಹಾರೆ ತಂದು ಮುಚ್ಚಳದ ಸಂದಿಗೆ ಹಾಕಿದಳು. ಒಬ್ಬ ಅವಳ ತುರುಬು ಹಿಡಿದು ಎಳೆದ, ಇನ್ನೊಬ್ಬ ಮುಂಗೈ ಮೇಲೆ ಬಡಿಗೆಯಿಂದ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿತು. ಅಡ್ಡ ಬಂದ ನೆರೆಯವರ ತಲೆ ಒಡೆದರು, ನನ್ನನ್ನು ಚರಂಡಿಗೆ ಕೆಡವಿ ತುಳಿದರು. ಜೀಪಿನಲ್ಲಿದ್ದ ಪೊಲೀಸರು ಕೆಳಗಿಳಿಯಲಿಲ್ಲ. ಆದರೆ ಓಣಿಯ ಹೆಂಗಸರು ಒಟ್ಟಾಗಿ ಪೆಟ್ಟಿಗೆ ಸುತ್ತ ನಿಂತರು, ಹಾರೆಗೆ ಬೇರೆ ಕೈಗಳು ಸೇರಿದವು, ಮುಚ್ಚಳ ಎದ್ದಿತು. ಊರು ನೋಡಿತು. ಕೈಕಾಲು, ಪಕ್ಕೆಲುಬು ಎಲ್ಲ ನೆಟ್ಟಗಿದ್ದವು, ದವಡೆ ಮತ್ತು ತಲೆಬುರುಡೆ ಮಾತ್ರ ಒಳಗೆ ಕುಸಿದಿದ್ದವು. ಅಷ್ಟೆತ್ತರದಿಂದ ಬಿದ್ದವನ ದೇಹ ಹೀಗಿರುತ್ತದೆಯೇ?

ಇಲ್ಲಿ ಮತ್ತೆ ಶವಪರೀಕ್ಷೆ ಮಾಡಿರೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದೆವು. "ಮ್ಯಾಲಿಂದ ಫೋನ್ ಬಂದೈತ್ರಿ, ನನ್ನ ಕೈಯಾಗಿಲ್ಲ," ಎಂದರು ಡಾಕ್ಟರು. ಬೇರೆ ದಾರಿಯಿಲ್ಲದೆ ಮಾನಪ್ಪನನ್ನು ಅಂದೇ ಮಣ್ಣು ಮಾಡಿದೆವು. ಶವಕ್ಕೆ ಅಗೌರವ ತೋರಿದಳೆಂದು ಚಂದವ್ವನ ಮೇಲೆ ಕೇಸಾಯಿತು. ಬಡಿಗೆ ಹಿಡಿದು ಬಂದವರ ಮೇಲೆ ಕೇಸಿಲ್ಲ. ಅವರು ಗೌರವ ತೋರಲು ಬಂದಿದ್ದರೆಂದು ಕಾಣುತ್ತದೆ.

ನಾನು ಸಾಧು ಮನುಷ್ಯನಲ್ಲ. ಆ ಮೂವರು ಕೈಗೆ ಸಿಕ್ಕರೆ ಕುತ್ತಿಗೆ ಮುರಿಯುತ್ತೇನೆಂದು ಚಂದವ್ವನ ಮುಂದೆ ಹೇಳಿದೆ. ಅವಳು ಕೈಗೆ ಹಾಕಿದ ಪಟ್ಟಿ ಸರಿಪಡಿಸಿಕೊಳ್ಳುತ್ತ, "ಅವರನ್ನ ಕೊಂದ್ರ ಮುಗಿತೇನ್ ತಮ್ಮಾ? ಬಂದೂಕು ಕೊಟ್ಟಾಂವ ಉಳಿತಾನಲ್ಲ," ಎಂದಳು. ಅದಕ್ಕೇ ಆ ದೇಶಕ್ಕೆ ಮರಳುವ ದಾರಿ ಹುಡುಕುವುದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಹುಡುಗರು ಈಗಲೂ ಆ ಬಂದರಿಗೆ ಹೋಗುತ್ತಿದ್ದಾರೆ. ಹಾಗಾಗಿ ನನ್ನ ಬೇಡಿಕೆ ಇದು. ನಿಮ್ಮ ಪ್ರಕಟಣೆಯನ್ನು ಹಿಂತೆಗೆದುಕೊಳ್ಳಿ. ನನ್ನ ಸಾಕ್ಷಿಯನ್ನು ದಾಖಲಿಸಿ. ಆ ಕಾವಲುಗಾರರೂ ಅವರಿಗೆ ಆದೇಶ ಕೊಟ್ಟವರೂ ಕಟಕಟೆಗೆ ಬರುವವರೆಗೆ ನಮ್ಮ ತೆರಿಗೆಯಿಂದ ಆ ಬಂದರಿಗೆ ಒಂದು ಕಾಸೂ ಹೋಗಕೂಡದು. ಕಂಪನಿಯ ಋಣವಿಲ್ಲದ ವೈದ್ಯರನ್ನು ನಾಲತವಾಡಕ್ಕೆ ಕಳಿಸಿ, ಶವವನ್ನು ಹೊರತೆಗೆದು ಪರೀಕ್ಷೆ ಮಾಡಿಸಿ. ಅದಕ್ಕೆ ಚಂದವ್ವ ಒಪ್ಪಿದ್ದಾಳೆ. ಪೆಟ್ಟು ತಿಂದ ದಿನ ಅವಳು ಅಳಲಿಲ್ಲ, ಮಣ್ಣು ಮಾಡಿದಾಗಲೂ ಅಳಲಿಲ್ಲ. ಇದಕ್ಕೆ ಹೂಂ ಅನ್ನುವಾಗ ಅತ್ತಳು.

ಇಂತಿ,
ಇಷ್ಟಾದರೂ ನ್ಯಾಯಕ್ಕೆ ನಿಮ್ಮನ್ನೇ ಕೇಳಬೇಕಾಗಿ ಬಂದಿರುವ,
ಅನಿಲಕುಮಾರ
ಇಂಗಳೇಶ್ವರ