ಪಾಂಡವರ ಮನೆಯ ಹಿರಿಯರು

ಬೈರಕೂರು, ಮುಳಬಾಗಿಲು ತಾಲ್ಲೂಕು
ತಾ. ೧೪-೧೧-೧೯೩೮

ಚಿರಂಜೀವಿ ಕದಿರೇಶನಿಗೆ,

ನಿನ್ನ ಅಪ್ಪ ಮನಸಾರೆ ಮಾಡುವ ಆಶೀರ್ವಾದ. ಮೈಸೂರಿನಲ್ಲಿ ಈಗ ಚಳಿ ಹಿಡಿದಿರಬೇಕು. ಕೆಮ್ಮು ಹೇಗಿದೆ? ಬೇಸಿಗೆಯಲ್ಲಿ ಬಂದಾಗಲೇ ನಿನ್ನ ಎದೆ ಗೊರಗೊರ ಅನ್ನುತ್ತಿತ್ತು. ನಿಮ್ಮಮ್ಮ ಕಟ್ಟಿಕೊಟ್ಟ ಶುಂಠಿಪುಡಿ ಇನ್ನೂ ಡಬ್ಬಿಯಲ್ಲೇ ಕೂತಿದ್ದರೆ ಬಿಸಿನೀರಿಗೆ ಹಾಕಿ ಕುಡಿ. ಓದು ಓದು ಎಂದು ಊಟ ಬಿಡಬೇಡ. ಉಭಯಕುಶಲೋಪರಿ ಎಂದು ಬರೆಯುವ ಪದ್ಧತಿ ನನಗೂ ಗೊತ್ತು, ಆದರೆ ಇಲ್ಲಿ ಕುಶಲವಿಲ್ಲ, ಸುಳ್ಳು ಬರೆಯಲಾರೆ. ರಾಗಿ ಕೊಯ್ಲು ಮುಗಿಯುತ್ತ ಬಂತು. ಕೆಂದ ಹಸು ಹೆಣ್ಣುಕರು ಹಾಕಿದೆ. ನಿನ್ನಜ್ಜಿ ಅಂಜಮ್ಮನಿಗೆ ಕಣ್ಣು ಮಂಜಾದರೂ ನಾಲಿಗೆ ಮೊದಲಿನಷ್ಟೇ ಚುರುಕು. ಆದರೆ ದೀಪಾವಳಿಯ ಮಾರನೇ ದಿನ ನೀನು ಬೆನ್ನು ತಿರುಗಿಸಿ ಹೋದೆಯಲ್ಲ, ಅಂದಿನಿಂದ ಮೂರು ವಾರ ಈ ಮನೆಯಲ್ಲಿ ಯಾರಿಗೂ ಊಟ ರುಚಿಸಿಲ್ಲ.

ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಮಾವಿನ ಸಸಿಗೆ ಗುಂಡಿ ತೋಡುತ್ತಿದ್ದಾಗ ಹಾರೆ ಚಪ್ಪಡಿಗೆ ಠಣ್ ಎಂದು ತಗುಲಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಕೋಣೆ, ಒಂದು ಕಲ್ಲಿನಲ್ಲಿ ದುಂಡಗೆ ಕೊರೆದ ಕಿಂಡಿ. ಊರಿನಲ್ಲಿ ಅಂಥದ್ದಕ್ಕೆಲ್ಲ ಪಾಂಡವರ ಮನೆ ಅನ್ನುತ್ತೇವೆ. ನೀನು ಕಿಂಡಿಯಲ್ಲಿ ತಲೆ ತೂರಿಸಿ, ಮೈಯೆಲ್ಲ ಮಣ್ಣು ಮಾಡಿಕೊಂಡು, "ಪಾಂಡವರಲ್ಲ ಕಣಪ್ಪ, ಯಾರೂ ಹೆಸರು ಬರೆದಿಡದ ಕಾಲದೋರು. ನಮ್ಮ ಹಿರೀಕರು" ಅಂದೆ. ಅಂದು ಸಂಜೆ ಜಗಲಿಯ ಮೇಲೆ ಕೂತು, ಮೈಸೂರಿನ ಕಾಲೇಜಿನಲ್ಲಿ ನಿಮ್ಮ ಮೇಷ್ಟ್ರು ಕಲಿಸಿದ್ದನ್ನು ನೀನು ಮೊದಲಿನಿಂದ ಹೇಳಿದೆ. ಕೋತಿಯಂಥ ಜೀವಿ ಎರಡು ಕಾಲ ಮೇಲೆ ನಿಂತದ್ದು, ಬಿಡುವಾದ ಕೈಗೆ ಕಲ್ಲು ಸಿಕ್ಕಿದ್ದು, ಬೆಂಕಿಯನ್ನು ಆರದಂತೆ ಕಾಯ್ದದ್ದು. ನಿನ್ನಜ್ಜಿ ದನಕ್ಕೆ ಸಿಡಿಲು ತಾಗದಿರಲೆಂದು ಕೊಟ್ಟಿಗೆಯಲ್ಲಿಟ್ಟಿದ್ದ ನುಣ್ಣನೆಯ ಕಲ್ಲನ್ನು ತಂದು ನನ್ನ ಅಂಗೈಗೆ ಕೊಟ್ಟೆ. ಇದು ಸಿಡಿಲಿನ ಜೊತೆ ಬಿದ್ದದ್ದಲ್ಲ, ಮನುಷ್ಯ ಉಜ್ಜಿ ಉಜ್ಜಿ ಮಾಡಿದ ಕೊಡಲಿ ಎಂದೆ. ಅದು ನನ್ನ ಕೈಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಜ್ಜಿ ಮಾತ್ರ, "ಕೋತಿ ನಿಮ್ಮ ಮೇಷ್ಟ್ರ ಕುಲಕ್ಕಿರಲಿ, ನಮ್ಮ ಕುಲಕ್ಕೆ ಬೇಡ ಹೋಗೋ" ಅಂದಳು. ಎಷ್ಟು ನಕ್ಕೆವು. ಕೊನೆಗೆ ನೀನು, "ಸತ್ತೋರ ಪಕ್ಕ ಒಂದು ಮಡಕೆ ಇಟ್ಟು ಮಣ್ಣು ಮುಚ್ಚಿದ್ರಲ್ಲ, ಅವತ್ತೇ ಮನುಷ್ಯ ಮನುಷ್ಯ ಆದ ಅಪ್ಪ" ಅಂದೆ. ಆಗ ನಿಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಎದ್ದು ಹೋದಳು. ನೀನು ಗಮನಿಸಲಿಲ್ಲ.

ಮೋಟಾರು ಹತ್ತುವಾಗ, "ನಾನು ದೀಪಾವಳಿಗೆ ಮೇಷ್ಟ್ರನ್ನ ಕರ್ಕೊಂಡು ಬರ್ತೀನಿ, ಅಲ್ಲಿವರ್ಗೂ ಒಂದು ಕಡ್ಡೀನೂ ಮುಟ್ಬೇಡ" ಅಂದೆ. ಆಯ್ತು ಹೋಗೋ, ನಿನಗಿಂತ ನನಗೇ ಹೆಚ್ಚು ಜೋಪಾನ ಎಂದು ಜಂಬದಿಂದ ಹೇಳಿ ಕಳಿಸಿದೆ. ಜಂಬ ಎಲ್ಲಿ ಉಳಿಯಿತು ನೋಡು.

ಮಹಾಲಯ ಅಮಾವಾಸ್ಯೆಯ ದಿನ ಎಂದಿನಂತೆ ಹಿರಿಯರಿಗೆ ಎಡೆ ಇಟ್ಟು, ಮಾಳಿಗೆ ಹತ್ತಿ ಕಾಗೆ ಕರೆದೆ. ಹೊತ್ತು ಇಳಿದರೂ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಮನೆಯವರೆಲ್ಲ ಉಪವಾಸ. ನಿನ್ನಜ್ಜಿ ಹೆದರಿದಾಗಲೆಲ್ಲ ತೆಲುಗಿಗೆ ಇಳಿಯುತ್ತಾಳಲ್ಲ, "ಎವರೋ ಪೆದ್ದಲು ಆಕಲಿತೋ ಉನ್ನಾರ್ರಾ" ಎಂದು ಗೋಡೆಗೊರಗಿದಳು. ಹಸಿದಿರುವ ಹಿರಿಯರು ಯಾರು ಎಂದು ನಾನು ಯೋಚಿಸಿದೆ. ನನ್ನ ಅಪ್ಪನಿಗೆ, ತಾತನಿಗೆ ಯಾವ ಲೋಪವನ್ನೂ ನಾನು ಮಾಡಿಲ್ಲ. ಆಗ ನಿನ್ನ ಮಾತು ನೆನಪಾಯಿತು. ನಮ್ಮ ಹಿರೀಕರು ಎಂದು ನೀನೇ ಹೇಳಿದ್ದೆ. ನಮ್ಮ ಹೊಲದಲ್ಲೇ ಮಲಗಿದ್ದಾರೆ, ಅವರಿಗೆ ಬೆಂಕಿ ಕೊಟ್ಟವರಿಲ್ಲ, ನೀರು ಬಿಟ್ಟವರಿಲ್ಲ. ಅದು ತಿಳಿದ ಮೇಲೆ ನಾನು ಹೇಗೆ ಅನ್ನ ತಿನ್ನಲಿ?

ಐನೋರನ್ನು ಕೇಳಿದರೆ ಹೆಸರು ಗೋತ್ರ ಇಲ್ಲದವರಿಗೆ ಯಾವ ಕರ್ಮ ಎನ್ನುತ್ತಾರೆಂದು ಕೇಳಲೇ ಇಲ್ಲ. ಮಾರನೇ ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಒಬ್ಬನೇ ಚಪ್ಪಡಿ ಸರಿಸಿ ಇಳಿದೆ. ತಲೆಬುರುಡೆಯ ಚೂರು, ತೊಡೆಯ ಎಲುಬು, ಸವೆದ ಹಲ್ಲು, ಎಲ್ಲವನ್ನೂ ಹೊಸ ಪಂಚೆಯಲ್ಲಿ ಆರಿಸಿದೆ. ಸೌದೆ ಒಟ್ಟಿ ಬೆಂಕಿ ಕೊಟ್ಟೆ. ಅವರ ಪಕ್ಕದಲ್ಲೇ ಇದ್ದ ಕೆಂಪು ಕಪ್ಪು ಮಡಕೆಗೆ ನೀರು ತುಂಬಿ, ಹೆಗಲ ಮೇಲಿಟ್ಟು ಮೂರು ಸುತ್ತು ಬಂದು, ಹಿಂದಕ್ಕೆ ಹಾಕಿ ಒಡೆದೆ. ನಮ್ಮಪ್ಪನಿಗೆ ಮಾಡಿದ್ದನ್ನು ಒಂದೂ ಬಿಡದೆ ಮಾಡಿದೆ. ಬೂದಿಯನ್ನು ಕೆರೆಗೆ ಬಿಟ್ಟು, ಕಲ್ಲುಮನೆಗೆ ಮಣ್ಣು ತುಂಬಿ ಬಂದೆ. ಅಂದು ಮಧ್ಯಾಹ್ನ ಇಟ್ಟ ಎಡೆಗೆ ಕಾಗೆ ಬಂತು. ನಿನಗೆ ಕೊಟ್ಟ ಮಾತು ನೆನಪಿರಲಿಲ್ಲವೆಂದಲ್ಲ. ಒಳ್ಳೆಯದು ಮಾಡಿದೆ, ನೀನೂ ಮೆಚ್ಚುತ್ತೀಯ ಎಂದುಕೊಂಡೆ. ಈ ವಯಸ್ಸಿಗೆ ಇಂಥ ಬುದ್ಧಿ.

ನೀನು ಮೇಷ್ಟ್ರ ಜೊತೆ ಬಂದು, ಮಣ್ಣು ತುಂಬಿದ ಜಾಗದಲ್ಲಿ ನಿಂತು, ಒಡೆದ ಮಡಕೆಯ ಒಂದು ಚೂರನ್ನು ಕೈಗೆತ್ತಿಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೇಷ್ಟ್ರು ಪಾಪ, ಹೋಗಲಿ ಬಿಡಿ ಯಜಮಾನರೇ ಅಂದರು. ನೀನು, "ಒಂದೇ ಪ್ರತಿ ಇದ್ದ ಪುಸ್ತಕಾನ ಒಲೆಗೆ ಹಾಕ್ಬಿಟ್ಟೆ ಅಪ್ಪ" ಎಂದು ಮೆಲ್ಲಗೆ ಹೇಳಿ, ಒಬ್ಬಟ್ಟಿನ ಎಲೆಯ ಮುಂದೆ ಕೂರದೆ ಹೊರಟೆ. ಇದರ ಮೇಲೆ ನಿನ್ನ ಮುಂದಿನ ಎರಡು ವರ್ಷದ ಓದು ನಿಂತಿತ್ತೆಂದು ಮೇಷ್ಟ್ರೇ ನನಗೆ ಹೇಳಿದ್ದು. ತಪ್ಪಾಯಿತು ಮಗನೇ. ಹಿರಿಯರ ಋಣ ತೀರಿಸಲು ಹೋಗಿ ನಿನ್ನ ಬಾಯಿಗೆ ಮಣ್ಣು ಹಾಕಿದೆ. ಅವರು ಬೆಂಕಿ ಬೇಡವೆಂದೇ ಕಲ್ಲಿನ ಮನೆ ಕಟ್ಟಿ ಮಲಗಿದ್ದರು, ಅದು ಅವರ ಪದ್ಧತಿ. ನಾನು ಅವರನ್ನು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ.

ಅಜ್ಜಿ ನಿನಗೆ ದೃಷ್ಟಿ ತೆಗೆದಳಂತೆ, ಇಲ್ಲಿಂದಲೇ. ನಿಮ್ಮಮ್ಮ ಗಂಗರತ್ನಮ್ಮನ ಆಶೀರ್ವಾದ. ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನಗೆ ಆಯಸ್ಸು, ವಿದ್ಯೆ ಕೊಟ್ಟು ಕಾಪಾಡಲಿ.

ಇಂತಿ ನಿನ್ನ ತಂದೆ,
ದೊಡ್ಡಮುನಿಯಪ್ಪ

ತಾ.ಕ.: ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಆದರೆ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಕಲ್ಲುಮನೆಯ ಮೂಲೆಯಲ್ಲಿ ಒಂದು ಪುಟ್ಟ ಗುಡಾಣವಿತ್ತು, ಬಾಯಿಗೆ ಬಿಲ್ಲೆಗಲ್ಲು ಮುಚ್ಚಿತ್ತು. ಎತ್ತಿ ನೋಡಿದೆ. ಒಳಗೆ ಒಂದು ಮಗು. ದವಡೆಯಲ್ಲಿ ಹಲ್ಲು ಮೂಡಿರಲಿಲ್ಲ. ಹಲ್ಲು ಬಾರದ ಮಗುವಿಗೆ ನಮ್ಮಲ್ಲಿ ಬೆಂಕಿ ಇಲ್ಲ, ಮಣ್ಣೇ. ಅದಕ್ಕೆ ಮುಚ್ಚಿ ಹಾಗೇ ಬಿಟ್ಟೆ, ಮೇಲೆ ಮಣ್ಣು ಮಾತ್ರ ಬಿದ್ದಿದೆ. ಅಂದೇ ಹೇಳಬೇಕಿತ್ತು. ನೀನು ಉಣ್ಣದೆ ಹೊರಟದ್ದಕ್ಕೆ ನನಗೂ ರೋಷ ಬಂತು, ಮಗುವನ್ನು ಹೊತ್ತುಕೊಂಡು ಹೋಗುತ್ತೀರೆಂಬ ಭಯವೂ ಇತ್ತು. ನಿನಗಿಂತ ಮುಂಚೆ ಹುಟ್ಟಿದ ಆದಿಲಕ್ಷ್ಮಿ ಮೂರು ತಿಂಗಳಿಗೆ ಹೋದಾಗ, ನಿಮ್ಮಮ್ಮ ಹಾಲು ಕುಡಿಸುತ್ತಿದ್ದ ಒಳಲೆಯನ್ನು ಅವಳ ಪಕ್ಕ ಇಟ್ಟು ಮಣ್ಣು ಮಾಡಿದಳು. ಗುಡಾಣದಲ್ಲೂ ಆ ಮಗುವಿನ ಪಕ್ಕ ಒಂದು ಮಣ್ಣಿನ ಒಳಲೆ ಇದೆ ಕಣೋ. ಬೇಕಾದ್ದು ಬರೆದುಕೊಳ್ಳಲಿ, ಒಳಲೆ ಮಾತ್ರ ಅಲ್ಲೇ ಬಿಡಲಿ ಎಂದು ನಿಮ್ಮಮ್ಮ ಹೇಳುತ್ತಾಳೆ. ನಾನು ಏನೂ ಹೇಳುವುದಿಲ್ಲ. ಮೇಷ್ಟ್ರನ್ನು ಕರೆದುಕೊಂಡು ಬಾ. ಅಲ್ಲಿಯವರೆಗೂ ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲ.