ಇದೊಂದಕ್ಕೆ ಆಫ್ ಮಾಡಬೇಡಿ

ಮಾವ,

ನಮ್ಮಮ್ಮನನ್ನು ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿಸಲು ಬಸ್ಸಿಗೆ ಹೊರಟೆ. ನೀವು ಮೂರಕ್ಕೆ ಅಲ್ಲಿಗೆ ಕಾರು ತನ್ನಿ.

ನಿನ್ನೆ ನೀವು ಎಷ್ಟು ತುಂಬಿದರೂ ಕಾರಿನ ಎಸಿಗೆ ಗ್ಯಾಸ್ ಯಾಕೆ ಹಿಡಿಯಲಿಲ್ಲವೆಂದು ಮೆಕ್ಯಾನಿಕ್‌ನನ್ನು ಕೇಳಿದೆ. ನಕ್ಕುಬಿಟ್ಟ. "ಎಂಜಿನ್ ಓಡ್ತಿರಬೇಕು, ಎಸಿ ಫುಲ್ ಇಟ್ಟಿರಬೇಕು. ಆಗಲೇ ಅದು ಗ್ಯಾಸ್ ಎಳ್ಕೊಳ್ಳೋದು" ಅಂದ. ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು, ಮೇನ್ ಆಫ್ ಮಾಡದೆ ಯಾವುದಕ್ಕೂ ಕೈ ಹಾಕಿದವರಲ್ಲ ನೀವು. ಇದೊಂದಕ್ಕೆ ಆಫ್ ಮಾಡಬೇಡಿ. ಗ್ಯಾಸ್ ಡಬ್ಬಿಯ ಮೀಟರಿನ ಮುಳ್ಳು ಹಸಿರಿಗೆ ಬಂದರೆ ಸಾಕು, ಇನ್ನಷ್ಟು ಇರಲಿ ಎಂದು ತುಂಬಬೇಡಿ.

ಟೋಪಿ ಹಾಕಿಕೊಳ್ಳಿ. ನಮ್ಮಮ್ಮನ ಆಪರೇಷನ್ ಹೊಲಿಗೆಗೆ ಬೆವರು ತಾಗಬಾರದೆಂದು ನಿನ್ನೆಯೆಲ್ಲ ನೀವು ಬಿಸಿಲಲ್ಲಿ ಬೆವರಿದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆದೆ.

ಕಾರು ತಣ್ಣಗಾಗದಿದ್ದರೂ ಬನ್ನಿ. ಟ್ಯಾಕ್ಸಿ ಮಾಡಲಾ ಎಂದರೆ ಅಮ್ಮ, "ಬೀಗರು ಬರ್ತೀನಿ ಅಂದಿದಾರಲ್ಲ, ಕಾಯ್ತೀನಿ" ಅಂದಳು.